ಕ್ಯಾನ್ಸರ್ ಅಲ್ಲ, ಆದರೂ ಕಾಯುವಂಥದ್ದಲ್ಲ

‘ಕ್ಯಾನ್ಸರ್ ಅಲ್ವಲ್ಲ ಡಾಕ್ಟ್ರೇ, ಕಾಫಿ ಕುಯ್ಲು ಮುಗೀಲಿ, ಆಮೇಲೆ ನೋಡೋಣ’ ಎಂದು ಸ್ಕ್ಯಾನಿನ ಕವರನ್ನು ಬ್ಯಾಗಿಗೆ ಸೇರಿಸುವವರಿದ್ದಾರೆ. ಮಿದುಳಿನ ಬುಡದಲ್ಲಿದ್ದು ಬೆಳವಣಿಗೆ ಮುಂತಾದವಕ್ಕೆ ಹಾರ್ಮೋನ್ ಸುರಿಸುವ ಪಿಟ್ಯುಟರಿ ಗ್ರಂಥಿಯ ಹತ್ತಿರದ ಗಡ್ಡೆಯ ವಿಷಯದಲ್ಲಿ ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಬಟಾಣಿ ಕಾಳಿನಷ್ಟಿರುವ ಆ ಗ್ರಂಥಿಯ ಮೇಲೆಯೇ ಕಣ್ಣಿನ ನರಗಳು ಒಂದನ್ನೊಂದು ಹಾಯುತ್ತವೆ. ಎರಡೂ ಮಗ್ಗುಲಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು, ಇನ್ನೂ ಮೇಲೆ ಹಸಿವು, ಬಾಯಾರಿಕೆ, ನಿದ್ದೆಯನ್ನು ಆಳುವ ಹೈಪೋಥಲಾಮಸ್. ಗಡ್ಡೆ ಬೇರೆಡೆ ಹರಡಬೇಕಿಲ್ಲ, ಇದ್ದಲ್ಲೇ ಬೆಳೆದರೂ ಪಕ್ಕದ ನೋಟ ಹೋಗುತ್ತದೆ. ಎದುರಿನದು ಕಾಣುತ್ತಲೇ ಇರುವುದರಿಂದ ರೋಗಿಗೆ ತಿಳಿಯುವುದು ತಡ: ತೋಟದಲ್ಲಿ ಬದಿಯ ಕೊಂಬೆ ತಾಗುತ್ತದೆ, ಪಕ್ಕದಿಂದ ಬಂದ ಜೀಪು ಕಾಣುವುದಿಲ್ಲ. ಮಕ್ಕಳಾದರೆ ಎತ್ತರವೇ ನಿಂತುಬಿಡಬಹುದು.

ಇಲ್ಲಿನ ಗಡ್ಡೆಗಳಲ್ಲಿ ಹೆಚ್ಚಿನವು ಅಡಿನೋಮಾ, ಅಂದರೆ ಗ್ರಂಥಿಯದೇ ಜೀವಕೋಶಗಳು ಬೆಳೆದಾಗುವ ಗಡ್ಡೆ. ಅದರಲ್ಲಿ ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಸುರಿಸುವ ಬಗೆ ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ. ಪ್ರೊಲ್ಯಾಕ್ಟಿನ್ ಎಷ್ಟಿದೆ ಎಂಬ ರಕ್ತಪರೀಕ್ಷೆ ಆಗದೆ ಆಪರೇಷನ್ ಮಾತು ಬೇಡ. ಅಪರೂಪದವುಗಳಲ್ಲಿ ಮುಖ್ಯವಾದದ್ದು ಕ್ರೇನಿಯೋಫಾರಿಂಜಿಯೋಮಾ. ಅದರ ಎರಡು ರೂಪಗಳಾದ ಅಡಮಂಟಿನೋಮಾಟಸ್, ಪ್ಯಾಪಿಲರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎರಡು ಬೇರೆ ಗಡ್ಡೆಗಳೆಂದೇ ವಿಂಗಡಿಸಿತು. ಮಕ್ಕಳಲ್ಲಿ ಕಾಣುವುದು ಬಹುತೇಕ ಅಡಮಂಟಿನೋಮಾಟಸ್. ನೀರು ತುಂಬಿದ ಚೀಲ, ಗೋಡೆಯಲ್ಲಿ ಸುಣ್ಣ, ಅಂದರೆ ಗಟ್ಟಿಗಟ್ಟಿದ ಕ್ಯಾಲ್ಸಿಯಂ. ಎಂಆರ್‌ಐನಲ್ಲಿ ಸುಣ್ಣ ಸರಿಯಾಗಿ ಕಾಣದು, ಅದಕ್ಕೇ ಜೊತೆಗೊಂದು ಸಿಟಿ ಸ್ಕ್ಯಾನ್ ಬರೆಯುತ್ತೇವೆ. ‘ಎರಡೆರಡು ಸ್ಕ್ಯಾನ್ ಯಾಕೆ’ ಎಂದು ಬೇಸರಿಸಬೇಡಿ. ಪಿಟ್ಯುಯಿಸೈಟೋಮಾದಂಥ ಇನ್ನೂ ಅಪರೂಪದವು ಸ್ಕ್ಯಾನಿನಲ್ಲಿ ಅಡಿನೋಮಾದಂತೆಯೇ ಕಾಣುತ್ತವೆ. ಅವುಗಳಲ್ಲಿ ರಕ್ತನಾಳ ಹೆಚ್ಚು, ಆಪರೇಷನ್‌ನಲ್ಲಿ ರಕ್ತ ಹರಿಯುವುದೂ ಹೆಚ್ಚು. ನಿಜವಾದ ಹೆಸರು ಸಿಗುವುದು ಬಯಾಪ್ಸಿಯಲ್ಲೇ.

ಕ್ರೇನಿಯೋಫಾರಿಂಜಿಯೋಮಾದ ಪ್ಯಾಪಿಲರಿ ರೂಪ ದೊಡ್ಡವರಲ್ಲಿ ಬರುವಂಥದ್ದು. ಅದರ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಬ್ರಾಫ್ ಎಂಬ ಜೀನಿನ ಬದಲಾವಣೆ ಇರುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಬದಲಾವಣೆಯ ಪರಿಣಾಮವನ್ನು ತಡೆಯುವ ವೆಮುರಾಫೆನಿಬ್, ಕೊಬಿಮೆಟಿನಿಬ್ ಮಾತ್ರೆಗಳಿಂದ 16 ರೋಗಿಗಳಲ್ಲಿ 15 ಮಂದಿಯ ಗಡ್ಡೆ ಚೆನ್ನಾಗಿ ಕುಗ್ಗಿತು. ಬಯಾಪ್ಸಿಯ ತುಂಡಿಗೆ ಬ್ರಾಫ್ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಆಪರೇಷನ್ ಈಗ ಬಹಳಷ್ಟು ಮೂಗಿನ ದಾರಿಯಲ್ಲೇ ನಡೆಯುತ್ತದೆ. ‘ಪೂರ್ತಿ ತೆಗೆದ್ರಾ?’ ಎಂಬುದೇ ಮನೆಯವರ ಮೊದಲ ಪ್ರಶ್ನೆ. ಹೈಪೋಥಲಾಮಸ್‌ಗೆ ಅಂಟಿದ ಚೂರನ್ನು ಬಿಟ್ಟು ರೇಡಿಯೇಷನ್ ಕೊಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಕಿತ್ತರೆ ಮಗುವಿಗೆ ತಣಿಯದ ಹಸಿವು ಅಂಟಿಕೊಂಡು, ತೂಕ ಏರುತ್ತಲೇ ಹೋಗಬಹುದು.

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲಿನ ಕೆಲಸ ನಮ್ಮದು, ನಿಮ್ಮದು. ಗ್ರಂಥಿ ಕೆಲಸ ನಿಲ್ಲಿಸಿದ್ದರೆ, ದೇಹಕ್ಕೆ ಬೇಕಾದ ಕಾರ್ಟಿಸೋಲ್ ಹಾರ್ಮೋನಿನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಒಂದು ದಿನವೂ ತಪ್ಪಬಾರದು. ಥೈರಾಯ್ಡ್ ಮಾತ್ರೆ ಶುರುವಾಗುವುದು ಅದರ ನಂತರವೇ, ಮೊದಲಲ್ಲ. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು, ಎಷ್ಟು ಎಂದು ಡಾಕ್ಟರಿಂದ ಮುಂಚೆಯೇ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದೇ ಔಷಧಿಯ ಇಂಜೆಕ್ಷನ್ ಕೂಡಲೇ ಬೇಕು. ಅತಿ ಮೂತ್ರಕ್ಕೆ ಕೊಡುವ ಡೆಸ್ಮೋಪ್ರೆಸಿನ್‌ನ ಕೆಲವು ಸ್ಪ್ರೇಗಳನ್ನು ಫ್ರಿಜ್‌ನಲ್ಲಿಡಬೇಕಾಗುತ್ತದೆ. ಆಟಿ ತಿಂಗಳ ಮಳೆಗೆ ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಊರುಗಳಿಗೆ ಮಾತ್ರೆಯ ರೂಪವೇ ಸರಿ. ಮರ ಬಿದ್ದು, ಗುಡ್ಡ ಕುಸಿದು ರಸ್ತೆ ಮುಚ್ಚುವ ಮೊದಲೇ, ಮೇ ತಿಂಗಳಲ್ಲಿ, ಇವನ್ನೆಲ್ಲ ಎರಡು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಿ.