ಎದುರಾಳಿಗೆ 65 ಅಂಕ ಬಿಟ್ಟುಕೊಟ್ಟು ಗೆದ್ದ ತಂಡ: ಮಿಷಿಗನ್ ರಕ್ಷಣೆ ಕುಸಿದದ್ದು ಹೇಗೆ?

2010ರ ನವೆಂಬರ್ 6ರಂದು ಆ್ಯನ್ ಆರ್ಬರ್‌ನ ಕ್ರೀಡಾಂಗಣದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಇಲಿನಾಯ್ ತಂಡವನ್ನು 67–65 ಅಂಕಗಳಿಂದ ಸೋಲಿಸಿತು. ನಿಗದಿತ ಅವಧಿ ಮುಗಿದಾಗ ಎರಡೂ ಕಡೆ ತಲಾ 45 ಅಂಕಗಳಿದ್ದವು. ಆಮೇಲೆ ಮೂರು ಹೆಚ್ಚುವರಿ ಅವಧಿಗಳು ಬೇಕಾದವು. ಮೂರನೆಯದರಲ್ಲಿ ಸಮ ಮಾಡಿಕೊಳ್ಳಲು ಇಲಿನಾಯ್‌ಗೆ ಇನ್ನೆರಡೇ ಅಂಕ ಸಾಕಿತ್ತು. ಆಗ ಮಿಷಿಗನ್‌ನ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ನಡುಸಾಲಿನ ಆಟಗಾರ, ಜೋನಸ್ ಮೌಟನ್ ಸಾಲು ಸೀಳಿಕೊಂಡು, ಚೆಂಡು ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮೇಲೆರಗಿದ. ಒತ್ತಡದಲ್ಲಿ ಎಸೆದ ಚೆಂಡು ನೆಲ ಕಂಡಿತು. ಈ ಎರಡೂ ತಂಡಗಳು ಆಡುವ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯ ತಂಡಗಳ ಒಕ್ಕೂಟದಲ್ಲಿ ಅಲ್ಲಿಯವರೆಗೆ ಯಾವ ಪಂದ್ಯದಲ್ಲೂ ಅಷ್ಟು ಅಂಕ ದಾಖಲಾಗಿರಲಿಲ್ಲ. ಮಿಷಿಗನ್ ಅಭಿಮಾನಿಗಳು ಕುಣಿದರು ನಿಜ, ಆದರೆ 65 ಅಂಕ ಬಿಟ್ಟುಕೊಟ್ಟ ರಕ್ಷಣಾ ಪಡೆಯನ್ನು ನಂಬಿಕೊಂಡು ಮುಂದಿನ ವಾರಗಳನ್ನು ದಾಟುವುದು ಹೇಗೆಂಬ ಚಿಂತೆ ಆ ಸಂಭ್ರಮದ ಬೆನ್ನಿಗೇ ಅಂಟಿಕೊಂಡಿತ್ತು.

ಈ ಆಟದ ಪರಿಚಯವಿಲ್ಲದವರಿಗಾಗಿ ಒಂದು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣಕ್ಕೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೊತ್ತಿದ ತಂಡಕ್ಕೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಅದನ್ನು ತಡೆಯುವುದೇ ರಕ್ಷಣಾ ಪಡೆಯ ಕೆಲಸ. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಸರಪಳಿಯಲ್ಲಿ ಒಬ್ಬ ಅರ್ಧ ಹೆಜ್ಜೆ ಅವಸರಪಟ್ಟರೂ ರೈಡರ್ ಆ ಸಂದಿಯಲ್ಲೇ ನುಸುಳುತ್ತಾನಲ್ಲ, ಇಲ್ಲಿಯೂ ಹಾಗೆಯೇ. ಆಕ್ರಮಣದಲ್ಲಿ ಒಬ್ಬ ಅಸಾಧಾರಣ ಓಟಗಾರ ಉಳಿದವರ ತಪ್ಪನ್ನು ಮುಚ್ಚಬಲ್ಲ. ರಕ್ಷಣೆಯಲ್ಲಿ ಒಬ್ಬನ ತಪ್ಪು ಉಳಿದ ಹತ್ತು ಮಂದಿಯ ಶ್ರಮವನ್ನು ತೊಳೆದುಹಾಕುತ್ತದೆ. ಆದ್ದರಿಂದ ರಕ್ಷಣೆಗೆ ತೋಳ್ಬಲದಷ್ಟೇ ಮುಖ್ಯವಾದದ್ದು ಒಂದೇ ಪಾಠವನ್ನು ವರ್ಷಗಟ್ಟಲೆ ಜೊತೆಯಾಗಿ ಕಲಿತ ಅಭ್ಯಾಸ. ಮಿಷಿಗನ್ ಕಳೆದುಕೊಂಡದ್ದು ಇದನ್ನೇ ಎಂಬುದು ನನ್ನ ದೃಢ ಅಭಿಪ್ರಾಯ.

1969ರಲ್ಲಿ ಬೋ ಷೆಂಬೆಕ್ಲರ್ ಮುಖ್ಯ ಕೋಚ್ ಆದಂದಿನಿಂದ ಅಲ್ಲಿ ಗುರುಶಿಷ್ಯ ಪರಂಪರೆಯೊಂದು ಬೆಳೆದಿತ್ತು. ಅವರ ನಂತರ ಬಂದ ಗ್ಯಾರಿ ಮೊಲರ್, 1995ರಿಂದ 2007ರವರೆಗೆ ತಂಡವನ್ನು ನಡೆಸಿದ ಲಾಯ್ಡ್ ಕಾರ್, ಇಬ್ಬರೂ ಅವರ ಬಳಿಯೇ ಸಹಾಯಕರಾಗಿದ್ದವರು. ಕಾರ್ ಅವಧಿಯಲ್ಲಿ 1997ರ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. 2006ರಲ್ಲಂತೂ ಎದುರಾಳಿಗಳು ಮಿಷಿಗನ್ ವಿರುದ್ಧ ಪಂದ್ಯವೊಂದಕ್ಕೆ ಸರಾಸರಿ 43.4 ಗಜವನ್ನು ಮಾತ್ರ ಓಡಿ ಗಳಿಸಿದರು. ಓಟ ತಡೆಯುವುದರಲ್ಲಿ ಅದು ದೇಶಕ್ಕೇ ಮೊದಲ ಸ್ಥಾನ. ಆದರೆ ಬಿರುಕು ಕಾಣಿಸಿಕೊಂಡದ್ದೂ ಆಗಲೇ. ಅದೇ ವರ್ಷದ ಕೊನೆಯಲ್ಲಿ ಒಹಾಯೊ ಸ್ಟೇಟ್ 42 ಅಂಕ ಗಳಿಸಿ ಗೆದ್ದಿತು. 2007ರ ಸೆಪ್ಟೆಂಬರ್ 1ರಂದು ಕೆಳ ದರ್ಜೆಯ ಅಪಲಾಚಿಯನ್ ಸ್ಟೇಟ್ ತಂಡ ಆ್ಯನ್ ಆರ್ಬರ್‌ಗೇ ಬಂದು 34–32ರಲ್ಲಿ ಸೋಲಿಸಿ ಹೋಯಿತು. ಮರುವಾರ ಆರೆಗನ್ 39 ಅಂಕ ಬಾರಿಸಿತು. ಮೈದಾನದ ಉದ್ದಗಲಕ್ಕೂ ಆಟಗಾರರನ್ನು ಹರಡಿ ನಿಲ್ಲಿಸಿ ವೇಗವಾಗಿ ಆಡುವ 'ಸ್ಪ್ರೆಡ್' ಪದ್ಧತಿಯ ಮುಂದೆ ಹಳೆಯ ವಿದ್ಯೆ ತಡವರಿಸುತ್ತಿರುವುದು ಎಲ್ಲರಿಗೂ ಕಂಡಿತು.

ಕಾರ್ ನಿವೃತ್ತಿ ಘೋಷಿಸಿದ ಮೇಲೆ, 2007ರ ಡಿಸೆಂಬರ್‌ನಲ್ಲಿ, ವಿಶ್ವವಿದ್ಯಾಲಯ ಆ ಸ್ಪ್ರೆಡ್ ಪದ್ಧತಿಯ ಪ್ರಮುಖ ಶಿಲ್ಪಿಗಳಲ್ಲೊಬ್ಬರಾದ ವೆಸ್ಟ್ ವರ್ಜೀನಿಯಾದ ರಿಚ್ ರೊಡ್ರಿಗೆಜ್ ಅವರನ್ನೇ ಕರೆತಂದಿತು. ಷೆಂಬೆಕ್ಲರ್ ನಂತರ ಹೊರಗಿನಿಂದ ಬಂದ ಮೊದಲ ಮುಖ್ಯ ಕೋಚ್ ಅವರು. ಆಯ್ಕೆಯ ಹಿಂದಿನ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ವೆಸ್ಟ್ ವರ್ಜೀನಿಯಾದಲ್ಲಿ ರೊಡ್ರಿಗೆಜ್ ಆಕ್ರಮಣವನ್ನು ನೋಡಿಕೊಂಡರೆ, ರಕ್ಷಣೆಯ ಪೂರ್ಣ ಹೊಣೆ ಜೆಫ್ ಕ್ಯಾಸ್ಟೀಲ್ ಎಂಬ ಕೋಆರ್ಡಿನೇಟರ್ ಮೇಲಿತ್ತು. ಮುಂದೆ ಮೂವರು, ನಡುವೆ ಮೂವರು ಲೈನ್‌ಬ್ಯಾಕರ್‌ಗಳು, ಹಿಂದೆ ಐವರು ನಿಲ್ಲುವ '3–3–5' ವ್ಯೂಹವನ್ನು ಅವರು ಅಲ್ಲಿ ಪಳಗಿಸಿದ್ದರು. ವೆಸ್ಟ್ ವರ್ಜೀನಿಯಾ ಹೊಸ ಮುಖ್ಯ ಕೋಚ್ ಆಗಿ ಬಿಲ್ ಸ್ಟೂವರ್ಟ್ ಅವರನ್ನು ನೇಮಿಸಿದಾಗ ಕ್ಯಾಸ್ಟೀಲ್ ಅಲ್ಲೇ ಉಳಿದರು. ರೊಡ್ರಿಗೆಜ್ ತಮ್ಮ ಯಶಸ್ಸಿನ ಅರ್ಧ ಭಾಗವನ್ನು ಹಿಂದೆ ಬಿಟ್ಟು ಬಂದಂತಾಯಿತು. ಮುಂದಿನ ಮೂರು ವರ್ಷಗಳ ಕಥೆಯಲ್ಲಿ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಕ್ಯಾಸ್ಟೀಲ್ ಬದಲಿಗೆ ಸ್ಟ್ಯಾನ್‌ಫರ್ಡ್‌ನಿಂದ ಸ್ಕಾಟ್ ಷೇಫರ್ ಬಂದರು. ಅವರ ಪದ್ಧತಿ ಬೇರೆ. ರೊಡ್ರಿಗೆಜ್ ಜೊತೆ ಬಂದ ಸಹಾಯಕ ಕೋಚ್‌ಗಳು ಕಲಿಸಿ ರೂಢಿಯಾಗಿದ್ದ ಪದ್ಧತಿ ಬೇರೆ. 2008ರಲ್ಲಿ ಅನುಭವವಿಲ್ಲದ ಕ್ವಾರ್ಟರ್‌ಬ್ಯಾಕ್‌ಗಳ ಆಕ್ರಮಣ ಮೂರು ಯತ್ನಗಳಲ್ಲೇ ಸೋತು, ನಾಲ್ಕನೆಯದರಲ್ಲಿ ದೂರಕ್ಕೆ ಒದ್ದ ಚೆಂಡು ಮರಳಿ ಎದುರಾಳಿಯ ಕೈಗೆ ಹೋಗುತ್ತಿದ್ದುದರಿಂದ ರಕ್ಷಣಾ ಪಡೆಗೆ ಉಸಿರಾಡಲೂ ಬಿಡುವಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ನವೆಂಬರ್‌ನಲ್ಲಿ, ಸಾಲುಸಾಲಾಗಿ ಸೋತಿದ್ದ ಪರ್ಡ್ಯೂ ವಿರುದ್ಧದ ಪಂದ್ಯಕ್ಕೆ ಮುನ್ನ, ಋತುವಿಡೀ ಕಲಿತದ್ದನ್ನು ಬದಿಗಿಟ್ಟು ಏಕಾಏಕಿ 3–3–5 ವ್ಯೂಹಕ್ಕೆ ಹೊರಳಲಾಯಿತು. ಫಲಿತಾಂಶ 48–42ರ ಸೋಲು. ವಾರದಲ್ಲಿ ಇಪ್ಪತ್ತು ಗಂಟೆಗಳ ಅಭ್ಯಾಸಕ್ಕಷ್ಟೇ ಅವಕಾಶವಿರುವ ಕಾಲೇಜು ಹುಡುಗರಿಗೆ ಒಂದು ವಾರದಲ್ಲಿ ಹೊಸ ವ್ಯೂಹ ಕಲಿಸುವುದೆಂದರೆ ಪರೀಕ್ಷೆಯ ಹಿಂದಿನ ದಿನ ಪಠ್ಯಪುಸ್ತಕ ಬದಲಿಸಿದಂತೆ. ಮಿಷಿಗನ್ ಆ ವರ್ಷ ಮೂರು ಗೆದ್ದು ಒಂಬತ್ತು ಸೋತಿತು. ಸತತ 33 ವರ್ಷಗಳಿಂದ ಆಡುತ್ತ ಬಂದಿದ್ದ ಋತುವಿನ ಕೊನೆಯ ಬೌಲ್ ಪಂದ್ಯ ಕೈತಪ್ಪಿತು. ಡಿಸೆಂಬರ್‌ನಲ್ಲಿ ಷೇಫರ್ ಹೊರನಡೆದರು.

2009ರ ಆರಂಭದಲ್ಲಿ ಗ್ರೆಗ್ ರಾಬಿನ್ಸನ್ ಬಂದರು. ವೃತ್ತಿಪರ ಲೀಗ್‌ನ ಡೆನ್ವರ್ ಬ್ರಾಂಕೋಸ್ ತಂಡ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ಎರಡು ಸಲ ಗೆದ್ದಾಗ ಅದರ ರಕ್ಷಣೆಯನ್ನು ರೂಪಿಸಿದವರು ಅವರೇ. ಹಾಗೆಯೇ ಸಿರಕ್ಯೂಸ್‌ನ ಮುಖ್ಯ ಕೋಚ್ ಆಗಿ ನಾಲ್ಕು ವರ್ಷಗಳಲ್ಲಿ ಹತ್ತೇ ಪಂದ್ಯ ಗೆದ್ದವರೂ ಹೌದು. ಮೊದಲ ವರ್ಷ ನಾಲ್ಕು ಪಂದ್ಯ ಸತತ ಗೆದ್ದ ತಂಡ ಕೊನೆಗೆ ಐದು ಗೆಲುವು, ಏಳು ಸೋಲಿಗೆ ಇಳಿಯಿತು. ಬ್ರ್ಯಾಂಡನ್ ಗ್ರಹಾಂ ಎಂಬ ಅದ್ಭುತ ಆಟಗಾರ ಮುಂಚೂಣಿಯಲ್ಲಿದ್ದೂ ಪಂದ್ಯಕ್ಕೆ 27.5 ಅಂಕಗಳು ಸೋರಿದವು. ಆತ 2010ರಲ್ಲಿ ವೃತ್ತಿಪರ ಲೀಗ್‌ಗೆ ಹೋದ. ಅದೇ ವರ್ಷ ರಾಬಿನ್ಸನ್ ಪಡೆ ಪೂರ್ತಿಯಾಗಿ 3–3–5ಕ್ಕೆ ಬದಲಾಯಿತು. ವೆಸ್ಟ್ ವರ್ಜೀನಿಯಾದಲ್ಲಿ ಕ್ಯಾಸ್ಟೀಲ್ ಕಟ್ಟಿದ್ದ ವ್ಯೂಹವನ್ನು ಇನ್ನೊಬ್ಬರ ಕೈಯಲ್ಲಿ ಕಟ್ಟಿಸುವ ಪ್ರಯತ್ನವದು. ಅಡುಗೆಯ ಸಾಮಾನೆಲ್ಲ ತಂದುಕೊಟ್ಟರೂ ಕೈಗುಣ ಬರಲಿಲ್ಲ.

ಅಷ್ಟರಲ್ಲಿ ವ್ಯೂಹ ಯಾವುದೇ ಇರಲಿ, ಅದರಲ್ಲಿ ನಿಲ್ಲಲು ಬೇಕಾದ ಪಳಗಿದ ಹುಡುಗರೇ ಕಡಿಮೆಯಾಗಿದ್ದರು. ಕೋಚ್ ಬದಲಾದಾಗ ಕೆಲವರು ಹೋದರು, ಬರಬೇಕಾದ ಕೆಲವರು ಬರಲಿಲ್ಲ. ಎದುರಾಳಿಯ ಪಾಸ್ ಹಿಡಿಯುವವರನ್ನು ಅಂಚಿನಲ್ಲಿ ಕಾಯುವ ಕಾರ್ನರ್‌ಬ್ಯಾಕ್ ಸ್ಥಾನದ ಗತಿಯನ್ನು ನೋಡಿದರೆ ಸಾಕು. ಒಬ್ಬನನ್ನು 2009ರ ನಡುವೆಯೇ ತಂಡದಿಂದ ಕೈಬಿಡಲಾಯಿತು. ಇನ್ನೊಬ್ಬ ಅನುಭವಿ ಒಂದು ವರ್ಷ ಉಳಿದಿರುವಾಗಲೇ ವೃತ್ತಿಪರ ಆಟ ಅರಸಿ ಹೋದ. ಉಳಿದಿದ್ದ ಹಿರಿಯ ಟ್ರಾಯ್ ವುಲ್‌ಫೋಕ್ 2010ರ ಆಗಸ್ಟ್‌ನ ಅಭ್ಯಾಸದಲ್ಲಿ ಪಾದದ ಗಂಟು ಮುರಿದುಕೊಂಡು ಇಡೀ ಋತು ಹೊರಗುಳಿದ. ನವೆಂಬರ್ ಹೊತ್ತಿಗೆ ಜೆ. ಟಿ. ಫ್ಲಾಯ್ಡ್ ಕೂಡ ಗಾಯಾಳುವಾದ. ಹಿಂದೆ ಪಾಸ್ ಹಿಡಿಯುವ ಸ್ಥಾನದಲ್ಲಿ ಆಡಿದ್ದ ಜೇಮ್ಸ್ ರಾಜರ್ಸ್ ಒಂದು ಅಂಚಿಗೆ ನಿಂತರೆ, ಇನ್ನೊಂದು ಕಡೆ ಆಗಷ್ಟೇ ಪ್ರೌಢಶಾಲೆ ಮುಗಿಸಿ ಬಂದ ಹುಡುಗರು ನಿಲ್ಲಬೇಕಾಯಿತು. ಕೊನೆಯ ಸಾಲಿನ ಸೇಫ್ಟಿ ಸ್ಥಾನಕ್ಕೆ ಕ್ಯಾಮ್ ಗಾರ್ಡನ್ ಬಂದದ್ದೂ ಪಾಸ್ ಹಿಡಿಯುವವರ ಗುಂಪಿನಿಂದಲೇ. ಅವನ ಪಕ್ಕದ ಜೋರ್ಡನ್ ಕೋವಾಕ್ಸ್ ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿದ ಹುಡುಗ. ಓಟದ ವೇಗದಲ್ಲಿ ಅವನನ್ನು ಮೀರಿಸುವವರು ಎದುರಾಳಿಗಳಲ್ಲಿ ಹಲವರಿದ್ದರು. ಇರಬೇಕಾದ ಜಾಗದಲ್ಲಿ ಇರುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ.

ಇದೇ 2010ರಲ್ಲಿ ಇನ್ನೊಂದು ಬದಿಯಲ್ಲಿ ಡೆನಾರ್ಡ್ ರಾಬಿನ್ಸನ್ ಎಂಬ ಕ್ವಾರ್ಟರ್‌ಬ್ಯಾಕ್ 1,702 ಗಜ ಓಡಿ, ಆ ಸ್ಥಾನದ ಆಟಗಾರರ ರಾಷ್ಟ್ರೀಯ ದಾಖಲೆಯನ್ನು ಮುರಿದ. ನಾಟ್ರ ಡೇಮ್ ವಿರುದ್ಧದ ಪಂದ್ಯವೊಂದರಲ್ಲೇ ಓಟ ಮತ್ತು ಪಾಸ್ ಸೇರಿ ಅವನು 502 ಗಜ ಗಳಿಸಿದ. ಆ ಬೆಳಕು ರಕ್ಷಣೆಯ ಕತ್ತಲನ್ನು ಒಂದು ತಿಂಗಳ ಕಾಲ ಮರೆಮಾಡಿತು. ಐದಕ್ಕೆ ಐದು ಗೆದ್ದ ತಂಡ ಕೆಳ ದರ್ಜೆಯ ಮಸಾಚುಸೆಟ್ಸ್‌ಗೆ 37 ಅಂಕ ಕೊಟ್ಟದ್ದನ್ನಾಗಲಿ, ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ 480 ಗಜ ಪಾಸ್ ಎಸೆದದ್ದನ್ನಾಗಲಿ ಗೆಲುವಿನ ಗದ್ದಲದಲ್ಲಿ ಹೆಚ್ಚು ಜನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಟೋಬರ್ ಬಂದಾಗ ಮಿಷಿಗನ್ ಸ್ಟೇಟ್ 34, ಅಯೋವಾ 38, ಪೆನ್ ಸ್ಟೇಟ್ 41 ಅಂಕ ಗಳಿಸಿದವು. ನವೆಂಬರ್ 20ರಂದು ವಿಸ್ಕಾನ್ಸಿನ್ ಮುಚ್ಚುಮರೆಯೇ ಇಲ್ಲದೆ ಆಡಿತು: ದ್ವಿತೀಯಾರ್ಧದಲ್ಲಿ ಪಾಸ್‌ನ ಗೊಡವೆಯನ್ನೇ ಹೆಚ್ಚುಕಡಿಮೆ ಬಿಟ್ಟು, ಚೆಂಡು ಹಿಡಿದು ಓಡುತ್ತೇವೆಂದು ತಿಳಿಸಿಯೇ ಓಡಿತು. ಪಂದ್ಯ ಮುಗಿದಾಗ ಓಟದಿಂದಲೇ 357 ಗಜ. ಏನು ಬರುತ್ತಿದೆಯೆಂದು ಗೊತ್ತಿದ್ದೂ ತಡೆಯಲಾಗದೆ ನಿಂತ ಆ ಹುಡುಗರನ್ನು ನೋಡುವುದು ಕಷ್ಟವಾಗಿತ್ತು.

2011ರ ಜನವರಿ 1ರ ಗೇಟರ್ ಬೌಲ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ 52–14ರಿಂದ ಸೋಲಿಸಿದ ಮೇಲೆ ಲೆಕ್ಕ ಹಾಕಿದರೆ, 13 ಪಂದ್ಯಗಳಲ್ಲಿ 458 ಅಂಕಗಳು, ಪಂದ್ಯಕ್ಕೆ ಸುಮಾರು 450 ಗಜಗಳು ಹೋಗಿದ್ದವು. 1879ರಿಂದ ಆಡುತ್ತಿರುವ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಇಷ್ಟು ದುರ್ಬಲ ರಕ್ಷಣೆ ಇರಲಿಲ್ಲ. ಜನವರಿ 5ರಂದು ರೊಡ್ರಿಗೆಜ್ ಅವರನ್ನು ಕೈಬಿಡಲಾಯಿತು. ಅಭ್ಯಾಸದ ಸಮಯಮಿತಿ ಮೀರಿದ ಆರೋಪದ ವಿಚಾರಣೆ, ಹಳಬರ ಅಸಮಾಧಾನ, ಒಹಾಯೊ ಸ್ಟೇಟ್‌ಗೆ ಮೂರೂ ವರ್ಷ ಸೋತದ್ದು, ಇವೆಲ್ಲವೂ ಆ ತೀರ್ಮಾನದ ಹಿಂದಿದ್ದವು. ಆದರೆ ರಕ್ಷಣೆ ಸಾಧಾರಣ ಮಟ್ಟದಲ್ಲಿದ್ದಿದ್ದರೂ ಅವರು ನಾಲ್ಕನೆಯ ವರ್ಷ ಕಾಣುತ್ತಿದ್ದರು ಎಂದೇ ನನಗನಿಸುತ್ತದೆ. ಮುಂದೆ 2011ರ ಕೊನೆಯಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದಾಗ ಅವರು ಮಾಡಿದ ಮೊದಲ ಕೆಲಸಗಳಲ್ಲೊಂದು ಕ್ಯಾಸ್ಟೀಲ್ ಅವರನ್ನು ಕರೆಸಿಕೊಂಡದ್ದು.

ಹೊಸ ಮುಖ್ಯ ಕೋಚ್ ಬ್ರೇಡಿ ಹೋಕ್, ವೃತ್ತಿಪರ ಲೀಗ್‌ನ ಬಾಲ್ಟಿಮೋರ್ ರೇವನ್ಸ್ ತಂಡದ ರಕ್ಷಣೆ ನೋಡಿಕೊಳ್ಳುತ್ತಿದ್ದ ಗ್ರೆಗ್ ಮ್ಯಾಟಿಸನ್ ಅವರನ್ನು ಕರೆತಂದರು. ಮ್ಯಾಟಿಸನ್ 1990ರ ದಶಕದಲ್ಲಿ ಮಿಷಿಗನ್‌ನಲ್ಲೇ ಈ ಕೆಲಸ ಮಾಡಿದ್ದವರು. ಅವರು ಮುಂಚೂಣಿಗೆ ಮತ್ತೆ ನಾಲ್ವರನ್ನು ನಿಲ್ಲಿಸಿ, ಕೈ ಊರುವುದು, ಹೆಜ್ಜೆ ಇಡುವುದು, ಟ್ಯಾಕಲ್ ಮಾಡುವುದು, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವುದು, ಇವುಗಳಿಂದ ಪಾಠ ಶುರುಮಾಡಿದರು. ಮೈಕ್ ಮಾರ್ಟಿನ್, ರಯಾನ್ ವ್ಯಾನ್ ಬರ್ಗನ್, ಕೋವಾಕ್ಸ್, ಫ್ಲಾಯ್ಡ್ ಹೀಗೆ ಬಹುಪಾಲು ಹಿಂದಿನ ವರ್ಷದ ಹುಡುಗರೇ. 2011ರಲ್ಲಿ ಅಷ್ಟೇ 13 ಪಂದ್ಯಗಳಲ್ಲಿ ಅವರು ಕೊಟ್ಟದ್ದು 226 ಅಂಕ, ಹಿಂದಿನದರ ಅರ್ಧಕ್ಕಿಂತ ಕಡಿಮೆ. ಎದುರಾಳಿಗಳ ಕೈಜಾರಿದ ಚೆಂಡುಗಳು ಮತ್ತೆ ಮತ್ತೆ ಮಿಷಿಗನ್‌ಗೇ ದಕ್ಕಿದವು, ಆದ್ದರಿಂದ ಅದೃಷ್ಟದ ಪಾಲನ್ನು ಅಲ್ಲಗಳೆಯಲಾಗದು. ವುಲ್‌ಫೋಕ್ ಗಾಯ ಮಾಗಿ ಮರಳಿದ್ದೂ ನೆರವಾಯಿತು. ಆದರೂ ಅಂಕಗಳು ಅರ್ಧಕ್ಕೆ ಇಳಿದದ್ದನ್ನು ಅದೃಷ್ಟವೊಂದೇ ವಿವರಿಸಲಾರದು. 2010ರಲ್ಲಿ ಈ ಹುಡುಗರನ್ನೇ ಅಯೋಗ್ಯರೆಂದು ಜರೆದವರು ಅವರಿಗೆ ಅನ್ಯಾಯ ಮಾಡಿದ್ದರು.

ಆ ವರ್ಷದ ನವೆಂಬರ್ 26ರಂದು ಒಹಾಯೊ ಸ್ಟೇಟ್ ಮತ್ತೆ ಆ್ಯನ್ ಆರ್ಬರ್‌ಗೆ ಬಂತು. 2004ರಿಂದ ಮಿಷಿಗನ್ ಆ ತಂಡದೆದುರು ಗೆದ್ದಿರಲಿಲ್ಲ. ಮಿಷಿಗನ್ 40–34ರಿಂದ ಮುಂದಿದ್ದಾಗ, ಇನ್ನು ಒಂದು ನಿಮಿಷವೂ ಉಳಿದಿಲ್ಲದ ಹೊತ್ತಿನಲ್ಲಿ, ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಎಸೆದ ಪಾಸನ್ನು ನಡುವೆಯೇ ಹಿಡಿದವನು ಕೋರ್ಟ್ನಿ ಏವರಿ. ಒಹಾಯೊದ ಪ್ರೌಢಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದು, 2010ರಲ್ಲಿ ಬೇರೆ ಯಾರೂ ಉಳಿಯದ ಕಾರಣ ಮೊದಲ ವರ್ಷದಲ್ಲೇ ಕಾರ್ನರ್‌ಬ್ಯಾಕ್ ಜಾಗಕ್ಕೆ ಇಳಿಯಬೇಕಾಗಿ ಬಂದ ಹುಡುಗರಲ್ಲಿ ಅವನೂ ಒಬ್ಬ.