ಜೇಮ್ಸನ್ ಲಾಪ್, ಮೂರು ಕೀ ಮತ್ತು ಹಾಲಿನ ಡೇರಿಯ ಚೆಕ್

ಮಲ್ಟಿಸಿಗ್ (ಒಂದೇ ಬಿಟ್‌ಕಾಯಿನ್ ವಾಲೆಟ್‌ಗೆ ಹಲವು ಕೀ, ಹಣ ಕಳಿಸಲು ಒಂದಕ್ಕಿಂತ ಹೆಚ್ಚು ಸಹಿ) ತಲೆಗೆ ಹತ್ತೋಕೆ ನನಗೆ ಮೂರು ದಿನ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ವಾಲೆಟ್ ಅಂದರೇನು, ಪ್ರೈವೇಟ್ ಕೀ ಅಂದರೇನು ಅನ್ನೋದು ನಿಮಗೆ ಗೊತ್ತು ಅಂದುಕೊಂಡಿದ್ದೇನೆ.

ಯಾರು ಈ ಲಾಪ್

ಬೇಗ ಮುಗಿಸುತ್ತೇನೆ. ಅಮೆರಿಕದವರು. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದರು. ಮೊದಲು ಇಮೇಲ್ ಮಾರ್ಕೆಟಿಂಗ್ ಕಂಪನಿಯೊಂದರಲ್ಲಿ ಇಂಜಿನಿಯರ್ (ಯಾರು ಯಾವ ಮೇಲ್ ತೆರೆದರು ಅಂತ ಲೆಕ್ಕ ಇಡುವ ಕಸುಬು). 2015ರಲ್ಲಿ ಬಿಟ್‌ಗೋ, 2018ರಲ್ಲಿ ಕಾಸಾ. ಎರಡೂ ಕಂಪನಿಗಳ ಮುಖ್ಯ ಸರಕು ಮಲ್ಟಿಸಿಗ್. ಕಾಸಾಗೆ ಅವರು ಸಹಸ್ಥಾಪಕರು, ಭದ್ರತೆಯ ಹೊಣೆಯೂ ಅವರದೇ.

2017ರ ಅಕ್ಟೋಬರ್‌ನಲ್ಲಿ ಯಾರೋ ಪೊಲೀಸರಿಗೆ ಫೋನ್ ಮಾಡಿ, ಲಾಪ್ ಮನೆಯಲ್ಲಿ ಕೊಲೆಯಾಗಿದೆ, ಒತ್ತೆಯಾಳುಗಳಿದ್ದಾರೆ ಅಂತ ಸುಳ್ಳು ಹೇಳಿದರು. ಅವರು ಜಿಮ್‌ನಿಂದ ವಾಪಸ್ ಬಂದರೆ ತಮ್ಮ ರಸ್ತೆಯೇ ಬಂದ್, ಸುತ್ತ ಪೊಲೀಸರು. ಇದಕ್ಕೆ ಸ್ವಾಟಿಂಗ್ ಅಂತಾರೆ. ಫೋನ್ ಮಾಡಿದವನ ಸುಳಿವಿಗೆ ಅವರು 1 ಲಕ್ಷ ಡಾಲರ್ ಬಹುಮಾನ ಇಟ್ಟರು. ಆಮೇಲೆ ಮನೆಯನ್ನೇ ಬದಲಾಯಿಸಿದರು.

ನಾನು ಎಡವಿದ ಜಾಗ

ಮೂರರಲ್ಲಿ ಎರಡು ಸಹಿ ಸಾಕು ಅಂತ ಓದಿದಾಗ, ಒಂದು ಕೀಯನ್ನು ಮೂರು ತುಂಡು ಮಾಡಿ ಮೂರು ಕಡೆ ಇಡುತ್ತಾರೆ ಅಂದುಕೊಂಡೆ. ತಪ್ಪು. ತುಂಡು ಮಾಡುವ ವಿಧಾನ ಬೇರೆಯೇ ಇದೆ, ಅದು ಶಮೀರ್ ವಿಧಾನ. ಅದರಲ್ಲಿ ಹಣ ಕಳಿಸುವ ಹೊತ್ತಿಗೆ ಬೇಕಾದಷ್ಟು ತುಂಡುಗಳು ಒಂದೇ ಕಂಪ್ಯೂಟರಿನಲ್ಲಿ ಸೇರಿ ಪೂರ್ತಿ ಕೀ ಆಗಬೇಕು. ಆ ಕ್ಷಣಕ್ಕೆ ಕಳ್ಳ ಕಾದಿದ್ದರೆ ಮುಗೀತು.

ಮಲ್ಟಿಸಿಗ್‌ನಲ್ಲಿ ಕೀಗಳು ಯಾವತ್ತೂ ಸೇರುವುದಿಲ್ಲ. ನನಗೆ ಇದು ಹೊಳೆದದ್ದು ನಮ್ಮ ದೊಡ್ಡಪ್ಪನಿಂದ. ಅವರು ಊರಿನ ಹಾಲಿನ ಡೇರಿಗೆ ಅಧ್ಯಕ್ಷರಾಗಿದ್ದಾಗ ಕಾರ್ಯದರ್ಶಿ ಮೊದಲೇ ಸಹಿ ಹಾಕಿದ ಚೆಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬೈಕಿನಲ್ಲಿ ಬರುತ್ತಿದ್ದರು. ದೊಡ್ಡಪ್ಪ ಜಗಲಿ ಮೇಲೆ ಕೂತು ತಮ್ಮ ಸಹಿ ಹಾಕಿ ಕಳಿಸುತ್ತಿದ್ದರು. ಓಡಾಡಿದ್ದು ಚೆಕ್ ಮಾತ್ರ. ಕಾರ್ಯದರ್ಶಿಯ ಕೈ ಕಾರ್ಯದರ್ಶಿ ಹತ್ತಿರವೇ ಇತ್ತು, ಅಲ್ವಾ? ಇಲ್ಲೂ ಅಷ್ಟೇ. ಸಹಿ ಹಾಕದ ವ್ಯವಹಾರದ ಫೈಲ್ ಒಂದು ಸಾಧನಕ್ಕೆ ಹೋಗುತ್ತದೆ, ಸಹಿ ಪಡೆದು ಇನ್ನೊಂದಕ್ಕೆ ಹೋಗುತ್ತದೆ. ಎರಡೂ ಸಾಧನ ಬೇರೆ ಬೇರೆ ಊರಿನಲ್ಲಿದ್ದರೂ ನಡೆಯುತ್ತದೆ.

ಇಷ್ಟಕ್ಕೆ ಖುಷಿಯಾಗಿ ಟೆಸ್ಟ್‌ನೆಟ್‌ನಲ್ಲಿ (ನಿಜವಾದ ದುಡ್ಡಿಲ್ಲದ, ಅಭ್ಯಾಸಕ್ಕಿರುವ ಜಾಲ) ಒಂದು ವಾಲೆಟ್ ಮಾಡಿದೆ. ಮೂರು ಕೀ, ಎರಡು ಸಹಿ. ಒಂದು ಕೀ ಕಳೆದುಹೋಯಿತು ಅಂತ ನಟಿಸೋಣ ಎಂದು ವಾಲೆಟ್ ಅಳಿಸಿ, ಎರಡು ಸೀಡ್‌ಗಳಿಂದ (ಸೀಡ್ ಅಂದರೆ ಕೀಯನ್ನು ಮತ್ತೆ ಪಡೆಯಲು ಬರೆದಿಟ್ಟ ಪದಗಳು) ಮತ್ತೆ ಕಟ್ಟಲು ಹೋದರೆ ಮೂರನೆಯದರ ಪಬ್ಲಿಕ್ ಕೀ (ಪ್ರೈವೇಟ್ ಕೀಯ ಜೋಡಿ, ಇದರಿಂದ ಸಹಿ ಹಾಕಲಾಗದು) ಕೊಡು ಅಂತ ಕೂತಿತು. ಎರಡು ಸಹಿ ಸಾಕು ಅಂದಮೇಲೆ ಮೂರನೆಯದು ಯಾಕೆ ಬೇಕು? ಒಂದೂವರೆ ದಿನ ಇದಕ್ಕೇ ಹೋಯಿತು.

ಮತ್ತೆ ಡೇರಿಗೇ ಬನ್ನಿ. ಬ್ಯಾಂಕಿನಲ್ಲಿ ಸಹಿಯ ನಮೂನೆ ಕಾರ್ಡ್ ಇರುತ್ತದೆ. ಯಾರ್ಯಾರು ಸಹಿ ಹಾಕಬಹುದು ಅನ್ನುವುದು ಪೂರ್ತಿ ಅದರಲ್ಲಿದೆ. ಬಿಟ್‌ಕಾಯಿನ್‌ನಲ್ಲಿ ಬ್ಯಾಂಕ್ ಇಲ್ಲ, ಹಾಗಾಗಿ ಆ ಕಾರ್ಡನ್ನು ಒಂದು ಫೈಲ್ ಮಾಡಿ ನಾವೇ ಇಟ್ಟುಕೊಳ್ಳಬೇಕು. ವಿಳಾಸದಲ್ಲಿ ಇರುವುದು ಆ ಕಾರ್ಡಿನ ಹ್ಯಾಶ್ (ಬೆರಳಚ್ಚಿನಂಥ ಪುಟ್ಟ ಗುರುತು) ಮಾತ್ರ. ಖರ್ಚು ಮಾಡುವಾಗ ಇಡೀ ಕಾರ್ಡ್ ತೋರಿಸಬೇಕು, ಅದರಲ್ಲಿ ಮೂರೂ ಪಬ್ಲಿಕ್ ಕೀ ಇರಬೇಕು. ಒಂದಿಲ್ಲದಿದ್ದರೂ ಹ್ಯಾಶ್ ತಾಳೆಯಾಗುವುದಿಲ್ಲ. ಆ ಕಾರ್ಡಿನ ಫೈಲ್ ಕಳೆದು, ಒಂದು ಸೀಡೂ ಹೋದರೆ, ಕೈಯಲ್ಲಿ ಎರಡು ಸರಿಯಾದ ಕೀ ಇದ್ದೂ ದುಡ್ಡು ಸಿಗುವುದಿಲ್ಲ.

ಫೈಲ್ ಬೇರೆಯವರ ಕೈಗೆ ಸಿಕ್ಕಿದರೆ? ದುಡ್ಡು ತೆಗೆಯಲಾರರು. ಆದರೆ ನಿಮ್ಮ ಹತ್ತಿರ ಎಷ್ಟಿದೆ ಅಂತ ಪೂರ್ತಿ ನೋಡಬಹುದು. ಲಾಪ್ ಕೆಲಸಕ್ಕೂ ಅವರ ಬದುಕಿಗೂ ಇರುವ ಕೊಂಡಿ ನನಗೆ ಕಂಡದ್ದು ಇಲ್ಲೇ. ಯಾರ ಹತ್ತಿರ ಎಷ್ಟಿದೆ, ಅವರ ಮನೆ ಎಲ್ಲಿದೆ, ಇವೆರಡು ಗೊತ್ತಾದರೆ ಹ್ಯಾಕಿಂಗೇ ಬೇಡ. ಐದು ಡಾಲರಿನ ಸ್ಪ್ಯಾನರ್ ತೋರಿಸಿದರೆ ಸಾಕು, ಬಾಯಿ ಬಿಡುತ್ತಾರೆ. ಇದಕ್ಕೆ ರೆಂಚ್ ಅಟ್ಯಾಕ್ ಅನ್ನೋ ಹೆಸರೇ ಇದೆ. ಇಂಥ ದಾಳಿಗಳದೊಂದು ಪಟ್ಟಿಯನ್ನು ಲಾಪ್ ವರ್ಷಗಳಿಂದ ಗಿಟ್‌ಹಬ್‌ನಲ್ಲಿ ಬೆಳೆಸುತ್ತಿದ್ದಾರೆ. ಎಎಲ್‌ಎಸ್ ಕಾಯಿಲೆಯಿಂದ ಮಲಗಿದ್ದ, ಬಿಟ್‌ಕಾಯಿನ್‌ನ ಆರಂಭದ ದಿನಗಳ ಪ್ರೋಗ್ರಾಮರ್ ಹ್ಯಾಲ್ ಫಿನ್ನಿಯನ್ನೂ 2014ರಲ್ಲಿ 1,000 ಬಿಟ್‌ಕಾಯಿನ್‌ಗೆ ಬೆದರಿಸಿ, ಸ್ವಾಟಿಂಗ್ ಮಾಡಿದ್ದರು. 2020ರಲ್ಲಿ ವಾಲೆಟ್ ಸಾಧನ ಮಾರುವ ಲೆಜರ್ ಕಂಪನಿಯಿಂದ ಸುಮಾರು 2,72,000 ಗ್ರಾಹಕರ ಹೆಸರು, ಮನೆ ವಿಳಾಸ ಸೋರಿಕೆಯಾಯಿತು. ಒಂದು ಕೀಯೂ ಕಳುವಾಗಿಲ್ಲ. ಆದರೂ ಅದು ಮನೆ ಹುಡುಕಿಕೊಂಡು ಬರುವವರಿಗೆ ಸಿದ್ಧ ಪಟ್ಟಿ.

ಅವರು ಮಾಡಿದ್ದು

ಅಮೆರಿಕದಲ್ಲಿ ಆಸ್ತಿ ದಾಖಲೆ ಸಾರ್ವಜನಿಕ. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಹಾಕಿದರೆ ಮಾಲೀಕರ ಹೆಸರು ಬರುತ್ತಲ್ಲ, ಹಾಗೆ. ಅದಕ್ಕೆ ಲಾಪ್ ಕಂಪನಿ ಕಟ್ಟಿ, ತಮ್ಮ ಹೆಸರಿನ ಜಾಗದಲ್ಲಿ ಅದರ ಹೆಸರು ಕೊಟ್ಟರು. ಡ್ರೈವಿಂಗ್ ಲೈಸೆನ್ಸ್‌ಗೆ ತೋರಿಸಲು ತಾವಿರದ ಇನ್ನೊಂದು ಪುಟ್ಟ ಜಾಗ. ಕಾಗದ, ಪಾರ್ಸೆಲ್‌ಗೆ ಬೇರೆ ಅಂಚೆಪೆಟ್ಟಿಗೆ. ಹೊಸ ಫೋನ್ ನಂಬರ್, ವಿಪಿಎನ್, ಕೈಯಲ್ಲಿ ನಗದು. ಕೊನೆಗೆ ತಾವೇ ದುಡ್ಡು ಕೊಟ್ಟು ಖಾಸಗಿ ಪತ್ತೇದಾರರಿಗೆ ನನ್ನನ್ನು ಹುಡುಕಿ ಅಂದರು! ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಬೀಗ ಹಾಕಿ ಸುಮ್ನೆ ಹೋಗಲಿಲ್ಲ, ಜಗ್ಗಿ ನೋಡಿದರು. ಇಷ್ಟಾದರೂ ಹೆಸರು, ಮುಖ ಮುಚ್ಚಿಕೊಂಡಿಲ್ಲ. ವೇದಿಕೆ ಮೇಲೆ ಮಾತಾಡುತ್ತಾರೆ. ಮುಚ್ಚಿಟ್ಟಿರುವುದು ಹೆಸರಿಗೂ ಮನೆಗೂ ನಡುವಿನ ದಾರಿ ಮಾತ್ರ.

ಒಂದು ಲೆಕ್ಕ

ನಾನು ಎರಡು ಸಲ ತಪ್ಪು ಮಾಡಿದ ಲೆಕ್ಕ ಇದು. ಐದು ಕೀ, ಮೂರು ಸಹಿ ಬೇಕು. ಒಂದು ಕೀ ನೀವೇ ಕಳೆದುಕೊಂಡಿರಿ. ಎರಡನೆಯದರ ಸೀಡ್ ಹಾಳೆಯ ಫೋಟೋ ಕಳ್ಳ ಹೊಡೆದುಕೊಂಡ. ಮೂರನೆಯದರ ಹಾಳೆಯನ್ನೇ ಎತ್ತಿಕೊಂಡು ಹೋದ. ಆ ಎರಡು ಹಾಳೆ ಬಿಟ್ಟರೆ ಬೇರೆ ನಕಲಿಲ್ಲ. ದುಡ್ಡು ಯಾರದು?

ನಾನು ಹೋಯಿತು ಅಂತ ಬರೆದಿದ್ದೆ. ಕಳ್ಳನ ಹತ್ತಿರ ಎರಡು ಕೀ ಇದೆ, ಸಾಲದು. ನಿಮ್ಮ ಹತ್ತಿರ ಸರಿಯಾಗಿ ಮೂರಿದೆ, ಫೋಟೋ ಹೊಡೆಸಿಕೊಂಡದ್ದೂ ಸೇರಿ. ಈಗಲೇ ಹೊಸ ವಾಲೆಟ್ಟಿಗೆ ಸಾಗಿಸಬೇಕು. ಅದಕ್ಕೆ ಐದೂ ಪಬ್ಲಿಕ್ ಕೀ ಇರುವ ಆ ಫೈಲ್ ಬೇಕು, ಕಳೆದುಹೋದವುಗಳದ್ದೂ.