ಸಾಯದ ಕಳೆಯೆಲ್ಲ ‘ರೆಸಿಸ್ಟೆಂಟ್’ ಅಲ್ಲ

ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ಈಗ ಎಲ್ಲರದ್ದೂ ಒಂದೇ ಮಾತು: ‘ಕಳೆಗೆ ರೆಸಿಸ್ಟೆನ್ಸ್ ಬಂದಿದೆ.’ ಅಂದರೆ ಕಳೆನಾಶಕಕ್ಕೆ ಸಾಯದ ಪ್ರತಿರೋಧ ಗುಣ ಬಂದಿದೆ ಅಂತ. ಜುಲೈಯಲ್ಲಿ ಮದ್ದು ಹೊಡೆದು, ಗಂಟೆಯೊಳಗೆ ಮಳೆ ಬಂದು ತೊಳೆದುಹೋದರೂ ರೆಸಿಸ್ಟೆನ್ಸೇ. ತೋಡಿನ ಕೆಂಪು ನೀರಿಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಬೆರೆಸಿದರೂ ಅದೇ ದೂರು. ಗ್ಲೈಫೋಸೇಟ್ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕದಡಿದ ನೀರಿಗೆ ಹಾಕಿದರೆ ಅದರ ಕಸುವು ಡ್ರಮ್ಮಿನಲ್ಲೇ ಅರ್ಧ ಹೋಯಿತು. ಇದರಲ್ಲಿ ಕಳೆಯದ್ದೇನು ಪಾತ್ರ?

ಮೊದಲು ಸಾಯುತ್ತಿದ್ದ ಜಾತಿ. ಅದೇ ಪ್ರಮಾಣ, ಸರಿಯಾಗಿಯೇ ಹೊಡೆದದ್ದು. ಆದರೂ ಕೆಲವು ಗಿಡ ಬದುಕಿದವು, ಅವುಗಳ ಬೀಜದಿಂದ ಹುಟ್ಟಿದವೂ ಬದುಕಿದವು. ಆಗ ಮಾತ್ರ ಅದು ಪ್ರತಿರೋಧ. ಕನ್ನೆ ಸೊಪ್ಪು ಗ್ಲೈಫೋಸೇಟಿಗೆ ಮೊದಲಿಂದಲೂ ಸುಲಭಕ್ಕೆ ಬಗ್ಗುವುದಿಲ್ಲ. ಅದು ಆ ಜಾತಿಯ ಹುಟ್ಟುಗುಣ, ಸಹಿಷ್ಣುತೆ ಅನ್ನಿ. ಹೊಸದಾಗಿ ಬಂದದ್ದಲ್ಲ.

‘ಮದ್ದಿಗೆ ಒಗ್ಗಿಹೋಗಿದೆ’ ಅನ್ನುವುದು ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಗಿಡ ಒಗ್ಗುವುದೂ ಇಲ್ಲ, ಕಲಿಯುವುದೂ ಇಲ್ಲ. ಅಪಾರ ಗಿಡಗಳ ನಡುವೆ ಎಲ್ಲೋ ಒಂದೆರಡಕ್ಕೆ ಆ ಗುಣ ಮೊದಲೇ ಇರುತ್ತದೆ. ಉಳಿದವನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಡುವವರು ನಾವು. ಹರಿಯಾಣದ ಗೋಧಿ ಹೊಲಗಳಲ್ಲಿ ಆದದ್ದೂ ಇದೇ. ವರ್ಷವರ್ಷ ಐಸೋಪ್ರೋಟುರಾನ್ ಒಂದನ್ನೇ ಹೊಡೆದರು. 1990ರ ದಶಕದ ಹೊತ್ತಿಗೆ ‘ಗುಲ್ಲಿ ಡಂಡಾ’ ಎಂಬ ಹುಲ್ಲು ಅದಕ್ಕೆ ಜಗ್ಗದಾಯಿತು. ಗ್ಲೈಫೋಸೇಟಿಗೆ ಜಗ್ಗದ ಮೊದಲ ಕಳೆ ಆಸ್ಟ್ರೇಲಿಯಾದ ರೈ ಹುಲ್ಲು, 1996ರಲ್ಲಿ ವರದಿಯಾಯಿತು. ಮರುವರ್ಷವೇ ಮಲೇಷ್ಯಾದಲ್ಲಿ ಕಾಡು ರಾಗಿಯ ಸರದಿ. ಈ ಹುಲ್ಲು ನಮ್ಮಲ್ಲೂ ಇದೆ.

ತೋಟದಲ್ಲಿ ಹೇಗೆ ಗುರುತಿಸುವುದು? ಪಟ್ಟೆಪಟ್ಟೆಯಾಗಿ ಎಲ್ಲ ಜಾತಿಯೂ ಹಸಿರಾಗಿ ಉಳಿದಿದ್ದರೆ ಮೊದಲು ನಾಜಲ್ ನೋಡಿ. ಸುತ್ತಲಿನದ್ದೆಲ್ಲ ಸತ್ತು, ಒಂದೇ ಜಾತಿಯಲ್ಲಿ ಸತ್ತ ಗಿಡದ ಪಕ್ಕದಲ್ಲೇ ಬದುಕಿದ ಗಿಡ ಇದ್ದರೆ ಅನುಮಾನಪಡಿ. ಅದು ಬೀಜ ಕಟ್ಟುವ ಮೊದಲೇ ಕಿತ್ತುಬಿಡಿ.

ಆಮೇಲೆ ‘ಮದ್ದು ಬದಲಾಯಿಸಿದೆ’ ಎನ್ನುವವರ ವಿಷಯ. ಡಬ್ಬ ಬದಲಾದರೆ ಮದ್ದು ಬದಲಾದಂತಲ್ಲ. ಮೂರು ಕಂಪನಿಯ ಡಬ್ಬದಲ್ಲೂ ಗ್ಲೈಫೋಸೇಟೇ ಇರಬಹುದು ಅಲ್ವಾ? ಹೆಸರು ಬೇರೆಯಿದ್ದರೂ ಸಾಲದು. ಗದ್ದೆಗೆ ಹೊಡೆಯುವ ಬಿಸ್‌ಪೈರಿಬ್ಯಾಕ್ ಮತ್ತು ಪೈರಜೋಸಲ್ಫ್ಯೂರಾನ್ ಎರಡೂ ಗಿಡದ ಒಂದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದರಿಂದ ತಪ್ಪಿಸಿಕೊಂಡ ಕಳೆ ಇದರಿಂದಲೂ ತಪ್ಪಿಸಿಕೊಳ್ಳಬಹುದು. ಬದಲಾಗಬೇಕಾದ್ದು ಮದ್ದು ಕೊಲ್ಲುವ ರೀತಿ. ಇಲ್ಲದಿದ್ದರೆ ಒಂದು ಸುತ್ತು ಮೆಷಿನ್ನಿನಲ್ಲಿ ಕಳೆ ಹೊಡೆಸಿ. ಗದ್ದೆಯಾದರೆ ನೀರು ನಿಲ್ಲಿಸಿ. ನೆರಳು ದಟ್ಟವಾಗಿರುವ ರೋಬಸ್ಟಾ ಕಾಫಿ ತೋಟದಲ್ಲಿ ಅಷ್ಟೊಂದು ಮದ್ದು ಯಾಕೆ ಬೇಕು ಅನ್ನುವುದೇ ನನಗೆ ಅರ್ಥವಾಗಿಲ್ಲ.